ರಾಮೇಶ್ವರದ ಗಾಳಿಪಟಕ್ಕೆ ಅಡ್ಡ ಬಂದ ಆಷಾಢ

ಹೋದ ಭಾನುವಾರ ನನ್ನ ಸೊಸೆ ನನ್ನನ್ನು ಆಲೂಗಡ್ಡೆ ತೂಗುವ ತಕ್ಕಡಿಯ ಮೇಲೆ ನಿಲ್ಲಿಸಿದಳು.

ತಮಾಷೆಯಲ್ಲ. ಹೊಳೆನರಸೀಪುರದಲ್ಲಿ ನಮ್ಮ ಮನೆಗೆ ಅಂಟಿಕೊಂಡೇ ಮಗ ಮಂಜುವಿನ ಗೊಬ್ಬರ, ಬಿತ್ತನೆ ಆಲೂಗಡ್ಡೆ ಅಂಗಡಿ ಇದೆ. ಅಲ್ಲಿ ಮೂಟೆ ತೂಗುವ ತಕ್ಕಡಿ. ಮೊದಲು ಮಗ ಹತ್ತಿದ, ಆಮೇಲೆ ನಮ್ಮೆಜಮಾನರು, ಆಮೇಲೆ ನಾನು. ಸೊಸೆ ರಕ್ಷಿತಾ ನೋಟ್‌ಬುಕ್ ಹಿಡಿದು ಒಬ್ಬೊಬ್ಬರ ಹೆಸರಿನ ಮುಂದೆ ಕೆಜಿ ಬರೆದುಕೊಂಡಳು. (ನನ್ನದೆಷ್ಟು ಅಂತ ಕೇಳಬೇಡಿ. ಒಂದು ಮೂಟೆಗಿಂತ ಜಾಸ್ತಿ, ಎರಡು ಮೂಟೆಗಿಂತ ಕಡಿಮೆ. ಅಷ್ಟು ಸಾಕು.)

ಗೊಬ್ಬರಕ್ಕೆ ಬಂದಿದ್ದ ರೈತರೊಬ್ಬರು ಬೀಡಿ ಹಚ್ಚೋದನ್ನೂ ಮರೆತು ನೋಡುತ್ತಿದ್ದರು. "ಏನ್ ಟೀಚರಮ್ಮ, ಮನೆಮಂದೀನೆಲ್ಲ ಮಾರ್ಬುಡ್ತೀರಾ?" ಅಂದರು.

"ಇಲ್ಲ ಸ್ವಾಮಿ, ಹಾರಿಸ್ತೀವಿ" ಅಂದೆ.

ಅಷ್ಟರಲ್ಲಿ ಎಂಬತ್ತೆರಡು ವರ್ಷದ ನಮ್ಮತ್ತೆ ಒಳಗಿನಿಂದ ಬಂದರು. "ನನ್ನೂ ತೂಗ್ಲಾ ಮಂಜ" ಅಂತ ತಕ್ಕಡಿ ಹತ್ತಿಯೇಬಿಟ್ಟರು. ಮೂವತ್ತೆಂಟು ಕೆಜಿ. ಅದೂ ನೋಟ್‌ಬುಕ್ಕಿಗೆ ಹೋಯಿತು. ಇಳಿಯುವಾಗ ನನ್ನ ಕಡೆ ನೋಡಿದ ನೋಟದಲ್ಲಿ ಸ್ವಲ್ಪ ಗರ್ವ ಇತ್ತು ಅಂತ ನನ್ನ ಅನುಮಾನ.

ವಿಷಯ ಇಷ್ಟೇ. ನಾವು ಮನೆಮಂದಿಯೆಲ್ಲ ಕೈಟ್‌ಬೋರ್ಡಿಂಗ್ ಮಾಡಲು ರಾಮೇಶ್ವರಕ್ಕೆ ಹೊರಟಿದ್ದೆವು. ಕೈಟ್‌ಬೋರ್ಡಿಂಗ್ ಅಂದರೆ ಸೊಂಟಕ್ಕೊಂದು ಬೆಲ್ಟ್, ಬೆಲ್ಟಿಗೆ ಹಗ್ಗ, ಹಗ್ಗದ ತುದಿಯಲ್ಲಿ ಆಕಾಶದಲ್ಲೊಂದು ದೊಡ್ಡ ಗಾಳಿಪಟ. ಕಾಲಿಗೆ ಹಲಗೆ. ಗಾಳಿ ಪಟವನ್ನು ಎಳೆಯುತ್ತೆ, ಪಟ ನಮ್ಮನ್ನು ಎಳೆಯುತ್ತೆ, ನಾವು ನೀರಿನ ಮೇಲೆ ಜಾರುತ್ತಾ ಹೋಗುತ್ತೇವೆ. ಆಳಿನ ತೂಕಕ್ಕೆ ತಕ್ಕ ಪಟ ಕೊಡುತ್ತಾರೆ. ಅದಕ್ಕೇ ತಕ್ಕಡಿ.

ನಾನು ಮೂವತ್ನಾಲ್ಕು ವರ್ಷ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡಿ, ಹೋದ ವರ್ಷ ರಿಟೈರ್ ಆದವಳು. ರಾಮೇಶ್ವರ ಒಂದು ದ್ವೀಪ ಅಂತ ಎಷ್ಟು ಮಕ್ಕಳಿಗೆ ಮ್ಯಾಪಿನಲ್ಲಿ ತೋರಿಸಿಲ್ಲ? ಆದರೆ ದ್ವೀಪ ಅಂದರೆ ಸುತ್ತ ನೀರಿರುತ್ತೆ, ಆ ನೀರಿನಲ್ಲಿ ಆಟವಾಡಬಹುದು ಅನ್ನೋದು ಮಾತ್ರ ನನ್ನ ತಲೆಗೆ ಹೊಳೆದಿರಲಿಲ್ಲ. ನಮ್ಮ ಕಡೆಯವರು ರಾಮೇಶ್ವರಕ್ಕೆ ಹೋಗೋದು ಬಾವಿಯಿಂದ ಬಾವಿಗೆ ತೀರ್ಥ ಹುಯ್ಯಿಸಿಕೊಳ್ಳೋಕೆ. ಒದ್ದೆ ಬಟ್ಟೆಯಲ್ಲಿ ನಡುಗುತ್ತಾ ದರ್ಶನ ಮಾಡಿ, ಬಸ್ಸು ಹತ್ತಿ ವಾಪಸ್.

ಹೊಳೆದದ್ದು ನನ್ನ ಸೊಸೆಗೆ. ರಕ್ಷಿತಾ ಬಾಗೂರಿನ ಹುಡುಗಿ. ಚನ್ನರಾಯಪಟ್ಟಣದ ಒಂದು ಆಸ್ಪತ್ರೆಯಲ್ಲಿ ಹೆರಿಗೆ ವಾರ್ಡಿನ ನರ್ಸ್. ಅಪ್ಪನ ತೋಟದ ಬಾವಿಯಲ್ಲಿ ಬೆನ್ನಿಗೆ ಸೋರೆಬುರುಡೆ ಕಟ್ಟಿಕೊಂಡು ಈಜು ಕಲಿತವಳು. ನಮ್ಮ ಮನೆಗೆ ಬಂದು ನಾಲ್ಕು ತಿಂಗಳು. ಮದುವೆಗೆ ಮುಂಚಿನಿಂದಲೂ ಅವಳಿಗೆ ಇದೊಂದೇ ಆಸೆಯಂತೆ. ಫೋನಿನಲ್ಲಿ ವಿಡಿಯೊ ನೋಡಿ ನೋಡಿ, ಗಾಳಿ ಯಾವ ತಿಂಗಳಲ್ಲಿ ಯಾವ ಕಡೆಯಿಂದ ಬೀಸುತ್ತೆ, ಈಜು ಬಾರದವರನ್ನು ಎಷ್ಟು ಆಳದಲ್ಲಿ ನಿಲ್ಲಿಸ್ತಾರೆ, ಎಲ್ಲ ಬಾಯಿಪಾಠ ಮಾಡಿದ್ದಳು. ಮೂವರು ಜೊತೆ ನರ್ಸ್‌ಗಳ ಡ್ಯೂಟಿ ತಾನು ಮಾಡಿಕೊಟ್ಟು ಆರು ದಿನ ರಜ ಜೋಡಿಸಿಕೊಂಡಿದ್ದಳು. ಇಬ್ಬರೇ ಹೋಗಿಬನ್ನಿ ಅಂದರೆ, "ಎಲ್ಲರೂ ಹೋಗೋಣ ಅತ್ತೆ, ಅಜ್ಜಿ ದಡದಲ್ಲಿ ಕೂತ್ಕೊಳ್ಲಿ, ನೀವು ಕಲೀರಿ" ಅಂದಳು.

ನೀವು ಕಲೀರಿ! ಅರವತ್ತೊಂದು ವರ್ಷದ ಹೆಂಗಸಿಗೆ! ಇಷ್ಟು ವರ್ಷದಲ್ಲಿ ಹಾಗಂದವರು ಇನ್ನೊಬ್ಬರಿಲ್ಲ.

ಹಿತ್ತಲಿನ ಸೀಬೆ ಮರಕ್ಕೆ ಹಗ್ಗ ಕಟ್ಟಿ, ಅದಕ್ಕೊಂದು ಕೋಲು ಸಿಕ್ಕಿಸಿ, ನನಗೆ ಟ್ರೇನಿಂಗ್ ಕೂಡ ಶುರು ಮಾಡಿದಳು. "ಭಯ ಆದ್ರೆ ಕೋಲು ಬಿಟ್ಬಿಡಿ ಅತ್ತೆ. ಗಟ್ಟಿಯಾಗಿ ಹಿಡ್ಕೊಂಡಷ್ಟೂ ಎಳ್ಕೊಂಡೋಗುತ್ತೆ." ಅತ್ತೆಯಾದವಳಿಗೆ ಕೋಲು ಕೆಳಗೆ ಬಿಡು ಅಂತ ಪಾಠ ಹೇಳುವ ಸೊಸೆಯನ್ನು ನೀವೆಲ್ಲಾದರೂ ನೋಡಿದ್ದೀರಾ? ನನಗೆ ಸಿಕ್ಕಿದ್ದಾಳೆ. ಹಾಲಿನ ಡೈರಿಯ ಕ್ಯೂನಲ್ಲಿ, ದೇವಸ್ಥಾನದ ಜಗಲಿಯಲ್ಲಿ, ಬೆಳಗಿನ ವಾಕಿಂಗಿನಲ್ಲಿ, ಕಂಡಕಂಡವರಿಗೆಲ್ಲ ಹೇಳಿಕೊಂಡು ಬಂದೆ. ಜಂಬ ಅಂತೀರಾ? ಹೌದು, ಜಂಬವೇ.

ಜಂಬದ ಸುದ್ದಿ ಅರಕಲಗೂಡಿಗೂ ಮುಟ್ಟಿತು. ಅಲ್ಲಿ ನನ್ನ ನಾದಿನಿ ಜಯ ಇದ್ದಾಳೆ. ಭಾನುವಾರ ಸಂಜೆಯೇ ಫೋನ್ ಬಂತು. ನಾನು ದೋಸೆಗೆ ರುಬ್ಬುತ್ತಿದ್ದೆ, ಕೈ ಹಿಟ್ಟಾಗಿತ್ತು. ಪಕ್ಕದಲ್ಲಿ ಬದನೆಕಾಯಿ ಹೆಚ್ಚುತ್ತಿದ್ದ ರಕ್ಷಿತಾ ಸ್ಪೀಕರ್‌ಗೆ ಹಾಕಿಕೊಟ್ಟಳು.

"ಯಾವತ್ತು ಓಗೋದು ಅತ್ತಿಗೆ?"

ತಾರೀಖು ಹೇಳಿದೆ.

"ಅಯ್ಯೋ, ಅದು ಆಷಾಡ ಅಲ್ವಾ? ಮದ್ವೆಯಾಗಿ ಮೊದಲ್ನೇ ಆಷಾಡ! ಅತ್ತೆ ಸೊಸೆ ಒಂದೇ ಹೊಸ್ಲು ತುಳೀಬಾರ್ದು ಅಂತ ನಿಮ್ಗೆ ನಾನು ಹೇಳ್ಬೇಕಾ? ಅತ್ತೆಗೇ ಕೆಡುಕು ಕಣತ್ತಿಗೆ. ಹುಡುಗೀನ ತವರಿಗೆ ಕಳ್ಸಿ. ನಾಳೆ ಏನಾರ ಹೆಚ್ಚುಕಮ್ಮಿ ಆದ್ರೆ ಅವ್ಳ ಕಾಲ್ಗುಣ ಅಂತಾರೆ ಜನ."

ನೋಡಿ, ಮಕ್ಕಳು ಗಾಳಿ ನೋಡಿ ತಾರೀಖು ಗೊತ್ತು ಮಾಡಿದ್ದರು. ಪಂಚಾಂಗ ನೋಡಿರಲಿಲ್ಲ. ಮುಂದಕ್ಕೆ ಹಾಕೋಣ ಅಂದರೆ ಗಾಳಿ ಬೀಸೋದೇ ಆಗ. ನಮ್ಮೂರ ಬಯಲಿನಲ್ಲಿ ಮಕ್ಕಳು ಪಟ ಹಾರಿಸೋದೂ ಆಷಾಢದಲ್ಲೇ ಅಲ್ಲವೇ? ಗಾಳಿ ಕಾದರೂ ರಕ್ಷಿತಾಳ ರಜ ಕಾಯುವ ಹಾಗಿರಲಿಲ್ಲ. ಈ ಆರು ದಿನ ಹೋದರೆ ಈ ವರ್ಷಕ್ಕೆ ಮುಗಿಯಿತು. (ಹೊಸ ಗಂಡ ಹೆಂಡತಿಯೂ ಆಷಾಢದಲ್ಲಿ ದೂರ ಇರಬೇಕಲ್ಲ ಅಂತ ಕೆಲವರು ಕೇಳಬಹುದು. ಬೇಸಿಗೆಯಲ್ಲಿ ಹೆರಿಗೆ ಆಗದಿರಲಿ ಅಂತ ಹಿಂದಿನವರು ಹಾಕಿದ ಲೆಕ್ಕ ಅದು. ಹೆರಿಗೆ ವಾರ್ಡಿನ ನರ್ಸ್‌ಗೆ ಆ ಲೆಕ್ಕ ನಿಮಗಿಂತ, ನನಗಿಂತ ಚೆನ್ನಾಗಿ ಗೊತ್ತು.)

ರಕ್ಷಿತಾ ಬದನೆಕಾಯಿ ಹೆಚ್ಚೋದು ನಿಲ್ಲಿಸಲಿಲ್ಲ. "ನಾನು ಬಾಗೂರಿಗೆ ಹೋಗ್ತೀನಿ ಅತ್ತೆ. ನೀವೆಲ್ಲ ಹೋಗ್ಬನ್ನಿ. ನಿಮಗೆ ಟ್ರೇನಿಂಗ್ ಆಗಿದೆಯಲ್ಲ" ಅಂದಳು.

ನಾನೇನು ಮಾಡಿದೆ ಗೊತ್ತಾ? ಸುಮ್ಮನಿದ್ದೆ. ನಿಜ ಹೇಳಿಬಿಡಲಾ? ಕೆಡುಕು ಅತ್ತೆಗೇ ಅಂದಿದ್ದಳಲ್ಲ, ನನಗೆ ಒಳಗೊಳಗೇ ನಿರಾಳವಾಯಿತು. ಆಷಾಢದಲ್ಲಿ ಸ್ಕೂಟರ್ ಕೊಳ್ಳದವರನ್ನು, ಹೊಸ ಮನೆಗೆ ಹಾಲುಕ್ಕಿಸದವರನ್ನು ಇದೇ ಅಂಕಣದಲ್ಲಿ ಎಷ್ಟು ಸಲ ಗೇಲಿ ಮಾಡಿಲ್ಲ ನಾನು? ನೀವೂ ಓದಿ ನಕ್ಕಿದ್ದೀರಿ. ನನ್ನ ಮನೆಯ ಹೊಸ್ತಿಲಿಗೆ ಬಂದಾಗ ನನ್ನ ಬಾಯಿ ಬಿದ್ದುಹೋಗಿತ್ತು. ಥೂ ನನ್ನ!

ಊಟವಾದ ಮೇಲೆ ನಡುಮನೆಯಲ್ಲಿ ರಕ್ಷಿತಾ ಆ ನೋಟ್‌ಬುಕ್ ತೆಗೆದು, ತನ್ನ ಹೆಸರಿನ ಮೇಲೆ ಗೀಟು ಎಳೆದಳು. ಆಮೇಲೆ ಮಂಜುವಿಗೆ ಹೇಳಿಕೊಡತೊಡಗಿದಳು. "ಅಮ್ಮಂಗೆ ಈಜು ಬರಲ್ಲ, ಸೊಂಟದ ಮಟ್ಟಕ್ಕಿಂತ ಆಳಕ್ಕೆ ಬಿಡಬೇಡಿ. ಬಿಪಿ ಮಾತ್ರೆ ತಿಂಡಿಗೆ ಮುಂಚೆ." ತನ್ನ ಆಸೆ ನೀರುಪಾಲಾದ ಗಳಿಗೆಯಲ್ಲಿ ಆ ಹುಡುಗಿ ನನ್ನ ಬಿಪಿ ಯೋಚಿಸುತ್ತಿದ್ದಳು. ನನಗೆ ತಲೆ ಎತ್ತಿ ಅವಳ ಮುಖ ನೋಡಲಾಗಲಿಲ್ಲ.

ಮೂಲೆಯಲ್ಲಿ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದ ನಮ್ಮತ್ತೆಗೆ ಓದಲು ಬರುವುದಿಲ್ಲ. ಗೀಟು ಗೊತ್ತಾಗುತ್ತೆ.

"ಯಾಕವ್ವ ಗೀಟು ಎಳ್ದೆ?"

ಮಂಜು ಜಯ ಅತ್ತೆ ಹೇಳಿದ್ದನ್ನು ವಿವರಿಸಿದ. ನಮ್ಮತ್ತೆ ಪೂರ್ತಿ ಕೇಳಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಅಲ್ಲ ಕಣವ್ವ ಸುಮಿತ್ರ, ಅತ್ತೆ ಸೊಸೆ ಒಟ್ಗೆ ಇರ್ಬಾರ್ದು ಅಂತ ತಾನೆ ಇರಾದು? ಆಯ್ತು. ಅಂಗಂತ ಯಾವಾಗ್ಲೂ ಸೊಸೇನೇ ಯಾಕೆ ಎದ್ದೋಗ್ಬೇಕು? ಅತ್ತೇಗೇನು ಕಾಲಿಲ್ವಾ?"

ಎಲೆಗೆ ಸುಣ್ಣ ಸವರುತ್ತಲೇ ಮುಂದುವರಿಸಿದರು.

"ನಂಗೂ ಮೊದಲ್ನೇ ಆಸಾಡ ಬಂದಿತ್ತು. ತವ್ರಿಗೆ, ದಂಡಿಗನಳ್ಳಿಗೆ ಕಳಿಸ್ಬುಟ್ರು. ನಾನು ಅತ್ಲಾಗೆ ಓದೆ, ಇತ್ಲಾಗೆ ಇವ್ರೆಲ್ಲ ಬಸ್ ಮಾಡ್ಕಂಡು ಜೋಗ ನೋಡಕ್ಕೆ ಓದ್ರು. ಆಸಾಡದಲ್ಲೇ ಅಲ್ವಾ ಅದು ತುಂಬಾದು. ನಿಮ್ಮಾವ, ಬರೋ ವರ್ಸ ಕರ್ಕಂಡೋಯ್ತೀನಿ ಸುಮ್ಕಿರೇ ಅಂದ್ರು."

"ಆಮೇಲೆ?" ಅಂದಳು ರಕ್ಷಿತಾ.

"ಆಮೇಲೇನು? ಬರೋ ವರ್ಸ ಇವ್ಳ ಗಂಡ ಉಟ್ದ."

ಎಲ್ಲರೂ ನಕ್ಕರು. ನಾನು ನಗಲಿಲ್ಲ. ಈ ಮನೆಗೆ ಬಂದು ಮೂವತ್ತಾರು ವರ್ಷವಾಯಿತು, ನಮ್ಮತ್ತೆ ಜೋಗ ನೋಡಿಲ್ಲ ಅನ್ನೋದು ನನಗೆ ಗೊತ್ತಿರಲಿಲ್ಲ. ಶಾಲೆಯ ಟೂರಿನಲ್ಲಿ ಮಕ್ಕಳನ್ನು ಕಟ್ಟಿಕೊಂಡು ಜೋಗಕ್ಕೆ ಎಷ್ಟು ಸಲ ಹೋಗಿಬಂದಿಲ್ಲ ನಾನು? ಬಂದು ಫೋಟೊ ತೋರಿಸುತ್ತಿದ್ದೆ. ಪ್ರತಿ ಸಲವೂ ಅವರು ಫೋಟೊ ಹತ್ತಿರ ಹಿಡಿದು, "ಸದ್ದು ಬಾಳಾ ಇರ್ತದಾ?" ಅಂತ ಕೇಳುತ್ತಿದ್ದರು. ಇರುತ್ತೆ ಅತ್ತೆ ಅಂತ ಹೇಳಿ ನಾನು ಅಡುಗೆಮನೆಗೆ ಹೋಗುತ್ತಿದ್ದೆ. ಪ್ರತಿ ಸಲವೂ!

ಎದ್ದು ನೋಟ್‌ಬುಕ್ ಕಿತ್ತುಕೊಂಡೆ. ರಕ್ಷಿತಾಳ ಹೆಸರು ಮತ್ತೆ ಬರೆದೆ, ದಪ್ಪಕ್ಷರದಲ್ಲಿ. ನನ್ನ ಹೆಸರಿಗೆ ಗೀಟು ಎಳೆದೆ. ನಮ್ಮತ್ತೆಯ ಹೆಸರಿಗೂ.

"ಅಜ್ಜಿ ಹೆಸರು ಯಾಕೆ ಅತ್ತೆ? ನೀವೂ ಬರ್ಲೇಬೇಕು. ಬೇಕಾದ್ರೆ ನಾನು ಬೇರೆ ಕಡೆ ಮಲಗ್ತೀನಿ" ಅಂತ ರಕ್ಷಿತಾ ನನ್ನ ಕೈ ಹಿಡಿದಳು. ಕಣ್ಣು ತುಂಬಿತ್ತು. ಗಲಾಟೆ ಮಾಡದೆ ತವರಿಗೆ ಹೋಗ್ತೀನಿ ಅಂದಾಗ ತುಂಬದ ಕಣ್ಣು.

"ನೀನು, ಮಂಜು, ಮಾವ ಹೋಗಿ. ಪಟ ಹಾರಿಸಿದ್ದನ್ನು ಮಾವ ವಿಡಿಯೊ ಮಾಡ್ತಾರೆ. ನಾನೂ ನಮ್ಮತ್ತೆಯೂ ಅದೇ ವಾರ ಜೋಗಕ್ಕೆ ಹೋಗ್ತೀವಿ. ಜೋಗದ ಹತ್ತಿರದ ತಾಳಗುಪ್ಪದ ರೈಲು ನಮ್ಮೂರ ಮೇಲೇ ಹೋಗುತ್ತಲ್ಲ" ಅಂದೆ.

ಎಲ್ಲರೂ ಒಟ್ಟಿಗೇ ಹೋಗಬಹುದಿತ್ತಲ್ಲ, ಅದೇನು ಶಾಸ್ತ್ರಕ್ಕೆ ಹೆದರೋದು ಅಂತ ನೀವು ಬೈಯಬಹುದು. ಬೈಯಿರಿ. ನನಗೆ ನೀರಿನ ಮೇಲೆ ಜಾರುವ ಆಸೆ ಇಲ್ಲವೆಂದಲ್ಲ, ಬೇಕಾದಷ್ಟಿದೆ. ಸೀಬೆ ಮರದ ಹಗ್ಗ ಇನ್ನೂ ಬಿಚ್ಚಿಲ್ಲ. ಆದರೆ ಎಂಬತ್ತೆರಡು ವರ್ಷದವರಿಗೆ ಇನ್ನೊಂದು ಸಲ "ಬರೋ ವರ್ಷ" ಅನ್ನಲು ನನಗೆ ಬಾಯಿ ಬರಲಿಲ್ಲ.

ಬೆಳಿಗ್ಗೆ ಜಯಳಿಗೆ ನಾನೇ ಫೋನ್ ಮಾಡಿದೆ. "ನೀನು ಹೇಳಿದ ಹಾಗೇ ಮಾಡಿದ್ದೀನಿ ಕಣೇ. ಅತ್ತೆ ಸೊಸೆ ಒಟ್ಟಿಗೆ ಹೋಗ್ತಿಲ್ಲ. ಸೊಸೆ ಹೋಗ್ತಾಳೆ, ಅತ್ತೆ ಹೋಗಲ್ಲ" ಅಂದೆ. ಜೋಗದ ವಿಷಯವನ್ನೂ ಹೇಳಿದೆ.

ಜಯ ಸಣ್ಣ ದನಿಯಲ್ಲಿ ಕೇಳಿದ್ದು ಒಂದೇ. "ಅವ್ವ ಜೋಗ ನೋಡಿಲ್ವಾ ಅತ್ತಿಗೆ?"

ಅವರ ಹೊಟ್ಟೆಯಲ್ಲಿ ಹುಟ್ಟಿದ ಮಗಳಿಗೇ ಗೊತ್ತಿರಲಿಲ್ಲ.

ರಕ್ಷಿತಾ ಈಗ ಬ್ಯಾಗಿಗೆ ಬಟ್ಟೆ ತುಂಬುತ್ತಿದ್ದಾಳೆ. ನಮ್ಮ ಬೀದಿಯಲ್ಲಿ ಮೊದಲನೇ ಆಷಾಢಕ್ಕೆ ಸಮುದ್ರದಲ್ಲಿ ಪಟ ಹಾರಿಸಲು ಹೊರಟ ಮೊದಲ ಸೊಸೆ ನನ್ನವಳು ಅಂತ ಡೈರಿಯ ಕ್ಯೂನಲ್ಲಿ ಮತ್ತೆ ಸಾರಿ ಬಂದಿದ್ದೇನೆ. ನಮ್ಮತ್ತೆ ಹೊಸ ಚಪ್ಪಲಿ ಬೇಕು ಅಂತ ಹಟ ಹಿಡಿದಿದ್ದಾರೆ. ಜಾರದ ಚಪ್ಪಲಿಯೇ ಆಗಬೇಕಂತೆ.

ಓದಿದ್ದು ಸಾಕು, ಪೇಪರ್ ಮಡಚಿಟ್ಟು ಎದ್ದು ಹೋಗಿ ನಿಮ್ಮತ್ತೆಯನ್ನೊಮ್ಮೆ ಕೇಳಿ: ಮೊದಲನೇ ಆಷಾಢದಲ್ಲಿ ಇವರೆಲ್ಲ ನಿಮ್ಮನ್ನು ಬಿಟ್ಟು ಎಲ್ಲಿಗೆ ಹೋಗಿದ್ದರು?