ಎರಡು ತುದಿಯ ಬಣ್ಣ

ಇವತ್ತು ಮಗಳು ಎರಡು ಲ್ಯಾಪ್‌ಟಾಪ್‌ಗಳ ನಡುವೆ ಒಂದು ನೀಲಿ ಕೇಬಲ್ ಸಿಕ್ಕಿಸುತ್ತಿದ್ದಳು. ಕಸಿದು ನೋಡಿದೆ. ಎರಡೂ ತುದಿಯಲ್ಲಿ ತಂತಿಗಳ ಬಣ್ಣದ ಸಾಲು ಒಂದೇ. "ಇದು ಆಗೋದಿಲ್ಲ," ಎಂದೆ. ಮೂಗಿಗೆ ತಮಿಳುನಾಡಿನ ಪಲ್ಲಡದ ನಮ್ಮ ಮಗ್ಗದ ಮನೆಯ ಗಂಜಿ ವಾಸನೆ ಬಂದಂತಾಯಿತು.

ನೇಕಾರರಾಗಿದ್ದ ನನ್ನಪ್ಪ ಯಾರನ್ನೂ ನಂಬುತ್ತಿರಲಿಲ್ಲ. ಉದ್ದೆಳೆಗಳ ಹಾಸು ಬಂದರೆ ಎರಡೂ ತುದಿಯ ಎಳೆಗಳ ಮೇಲೆ ಬೆರಳಾಡಿಸಿ, ಬಣ್ಣದ ಸಾಲು ತಾಳೆಯಾದರೆ ಮಾತ್ರ ಮಗ್ಗಕ್ಕೇರಿಸುತ್ತಿದ್ದರು. ಸೀರೆ ಡಿಸೈನಿಗೆಂದು ತಂದ ಎರಡು ಕಂಪ್ಯೂಟರ್ ಜೋಡಿಸಲು ಸಿಂಗಾನಲ್ಲೂರಿನ ಮೆಕ್ಯಾನಿಕ್ ಕ್ರಾಸ್ ಕೇಬಲ್ ಮಾಡಿಕೊಟ್ಟಾಗಲೂ ಹಾಗೇ ನೋಡಿದರು. ಒಂದು ತುದಿಯಲ್ಲಿ ಕಿತ್ತಳೆ ಮೊದಲು, ಇನ್ನೊಂದರಲ್ಲಿ ಹಸಿರು.

"ನೋಡು ಪಾಪ, ಸಾಲು ತಪ್ಪೈತೆ. ನಮ್ಮನ್ನ ಏಮಾರಿಸ್ತಾವ್ನೆ ಇವ," ಎಂದು ನನ್ನ ಕಿವಿಯಲ್ಲಿ ಹೇಳಿದರು. ಒಂದು ಕಡೆ ಕಳಿಸುವ ತಂತಿ ಇನ್ನೊಂದು ಕಡೆ ಪಡೆಯುವ ತಂತಿಗೇ ಸೇರಬೇಕೆಂದು ಆತ ತಮಿಳಿನಲ್ಲಿ ಎಷ್ಟು ಹೇಳಿದರೂ ಕೇಳದೆ, ಎದುರಿಗೆ ಕೂರಿಸಿಕೊಂಡು ಎರಡೂ ತುದಿ ಒಂದೇ ಥರ ಮಾಡಿಸಿದರು. ಅವನು ಹೋದ ಮೇಲೆ ಒಂದು ಡಿಸೈನೂ ಆಚೆ ಕಂಪ್ಯೂಟರಿಗೆ ಹೋಗಲಿಲ್ಲ. ಡಿಸೈನ್ ನೋಡಲು ಬಂದ ವ್ಯಾಪಾರಿ ಕಾದು ಎದ್ದುಹೋದ.

"ಹೋಗ್ವಾಗ ಏನೋ ಮಾಡಿಟ್ಟು ಹೋಗವ್ನೆ," ಎಂದರು ಅಪ್ಪ. ನನಗೆ ಒಳಗೊಳಗೇ ನಗು.

"ಈಗೆಲ್ಲ ತಂತಿ ಯಾವ ಸಾಲಲ್ಲಿದ್ರೂ ಮಿಷಿನ್ನೇ ಸರಿ ಮಾಡಿಕೊಳ್ತದಮ್ಮ," ಎಂದು ಮಗಳು ಕೇಬಲ್ ಸಿಕ್ಕಿಸಿದಳು. ಫೈಲು ಹೋಗಿಯೇಬಿಟ್ಟಿತು.

ಒಂದೇ ಸಾಲಿನ ಕೇಬಲ್ಲಿನಲ್ಲೂ ಹೋಗುತ್ತದೆಂದಾದರೆ, ಅಪ್ಪ ಹೇಳಿದ ಹಾಗೆ ಆ ಮೆಕ್ಯಾನಿಕ್ ಅವತ್ತು ಏನು ಮಾಡಿಟ್ಟು ಹೋಗಿದ್ದ?