ಅರ್ಧಕ್ಕೇ ನಿಲ್ಲುತ್ತಿದ್ದ ಮಾತು

ಬಸ್ ನಿಲ್ದಾಣದಲ್ಲಿ ಎಲ್ಲರೂ ಅವಳನ್ನು ಮೈಕಮ್ಮ ಎಂದೇ ಕರೆಯುತ್ತಿದ್ದರು. ಯಾವ ಬಸ್ಸು ಎಲ್ಲಿ ನಿಂತಿದೆ, ಯಾವುದು ಹೊರಡುತ್ತಿದೆ ಎಂದು ಮೈಕಿನಲ್ಲಿ ಕೂಗಿ ಹೇಳುವುದು ಅವಳ ಕೆಲಸ. ಅವಳ ದನಿ ಕೇಳಿದರೆ ಚಹಾ ಕುಡಿಯುತ್ತಿದ್ದ ಡ್ರೈವರುಗಳು ಲೋಟ ಅಲ್ಲೇ ಬಿಟ್ಟು ಓಡುತ್ತಿದ್ದರು. ಅಂಥವಳ ಗಂಟಲಲ್ಲಿ ಗಡ್ಡೆ ಬೆಳೆಯಿತು. ಡಾಕ್ಟರು ಗಡ್ಡೆಯ ಜೊತೆ ಧ್ವನಿಪೆಟ್ಟಿಗೆಯನ್ನೂ ತೆಗೆಯಬೇಕಾಯಿತು. ಜೀವ ಉಳಿಯಿತು, ಮಾತು ಹೋಯಿತು.

ಮನೆಯಲ್ಲಿ ಹಳೆಯ ಕಂಪ್ಯೂಟರ್ ಒಂದಿತ್ತು. ಟೈಪ್ ಮಾಡಿದ್ದನ್ನು ಗಟ್ಟಿಯಾಗಿ ಓದಿ ಹೇಳುವ ಏರ್ಪಾಡನ್ನು ಆಸ್ಪತ್ರೆಯವರೇ ಅದಕ್ಕೆ ಹಾಕಿಕೊಟ್ಟರು. ಮೊಬೈಲಿನಲ್ಲೂ ಅದು ಸಿಗುತ್ತಿತ್ತು. ಆದರೆ ಆ ಪುಟ್ಟ ಅಕ್ಷರಗಳ ಮೇಲೆ ಅವಳ ಬೆರಳುಗಳು ತಡವರಿಸುತ್ತಿದ್ದವು. ಮಾತಿಗೆ, ಅದರಲ್ಲೂ ಜಗಳಕ್ಕೆ, ವೇಗ ಬೇಕು.

ಜಗಳಕ್ಕೆ ಕಾರಣ ಗಂಡ. ಕನ್ನಡಕದ ಅಂಗಡಿ ಇಟ್ಟುಕೊಂಡಿದ್ದ ಮೆದು ಸ್ವಭಾವದ ಮನುಷ್ಯ. ಯಾರ ಮೇಲೂ ಕೈ ಎತ್ತಿದವನಲ್ಲ, ದನಿ ಏರಿಸಿದವನೂ ಅಲ್ಲ. ಆಸ್ಪತ್ರೆಯಲ್ಲಿ ಅವಳ ಪರವಾಗಿ ಮಾತಾಡಲು ಶುರುಮಾಡಿದವನು ಮನೆಗೆ ಬಂದ ಮೇಲೂ ನಿಲ್ಲಿಸಲಿಲ್ಲ. ಫೋನು ಬಂದರೆ "ಅವಳಿಗೆ ಸುಸ್ತು", ನೆಂಟರು ಕರೆದರೆ "ಅವಳಿಗೆ ಆಗಲ್ಲ", ಅಂಗಡಿಯಲ್ಲಿ "ಅವಳಿಗೆ ನೀಲಿ ಇಷ್ಟ ಇಲ್ಲ" ಎನ್ನುತ್ತಿದ್ದ. ಅವಳಿಗೆ ನೀಲಿ ಎಂದರೆ ಪ್ರಾಣ.

ಒಂದು ದಿನ ಟಿಕೆಟ್ ಕೌಂಟರಿನ ಗೆಳತಿ ನೋಡಲು ಬಂದಳು. "ಯಾಕಕ್ಕಾ, ಕೆಲಸಾನೇ ಬೇಡ ಅಂದುಬಿಟ್ರಂತೆ? ಭಾವನೇ ಬಂದು ಹೇಳಿ ಹೋದ್ರು ಅಂತ ಸಾಹೇಬ್ರು ಅಂದ್ರು."

ಮೈಕಮ್ಮನ ಮೈ ಉರಿದುಹೋಯಿತು. ಸಂಜೆ ಗಂಡ ಬಂದು ಟೀವಿ ಹಾಕಿ ಕೂತದ್ದೇ ತಡ, ಕೀಬೋರ್ಡಿನ ಮೇಲೆ ಬಿದ್ದಳು. ಕಂಪ್ಯೂಟರ್ ಅವಳ ಪರವಾಗಿ ಓದತೊಡಗಿತು: "ನನ್ನ ಕೆಲಸ ಬಿಡಿಸೋಕೆ ನೀವ್ಯಾರು? ಹೋಗಿರೋದು ದನಿ, ಬುದ್ಧಿ ಅಲ್ಲ. ನಾಳೆ ನೀವೇ ಹೋಗಿ ಸಾಹೇಬ್ರ ಹತ್ರ ಹೇ-ಹೇ-ಹೇ-ಹೇ—"

ಅಲ್ಲಿಗೆ ಹ್ಯಾಂಗ್ ಆಯಿತು. ಪರದೆ ಅಲುಗಲಿಲ್ಲ, ಮೌಸು ಕದಲಲಿಲ್ಲ.

"ನೋಡು, ಅದಕ್ಕೂ ಸಾಕಾಗಿದೆ," ಎಂದು ಗಂಡ ನಕ್ಕು ಟೀವಿಯತ್ತ ತಿರುಗಿದ. ಅವಳು ಮೌಸನ್ನು ಮೇಜಿಗೆ ಕುಟ್ಟಿದ ರಭಸಕ್ಕೆ ಅದರ ಒಂದು ಗುಂಡಿ ಕಿತ್ತು ಬಂತು.

ಅದು ಮೊದಲ ಸಲವೇನಲ್ಲ. ಕೆಲವು ದಿನಗಳಿಂದ ಹೊತ್ತುಗೊತ್ತಿಲ್ಲದೆ ಹೀಗೇ ಆಗುತ್ತಿತ್ತು. ರಿಪೇರಿಯವನು ಬಂದ. ಪೆಟ್ಟಿಗೆಯನ್ನು ಹೊರಗೆಳೆದು ನೆಲದ ಮೇಲಿಟ್ಟು, ವೈರಸ್ ಇರಬೇಕೆಂದು ಎಲ್ಲ ಅಳಿಸಿ ಹೊಸದಾಗಿ ತುಂಬಿಸಿದ. ಅವನಿದ್ದಷ್ಟು ಹೊತ್ತೂ ಯಂತ್ರ ಕುದುರೆಯ ಹಾಗೆ ಓಡಿತು. ಅವನು ಹೋದ ದಿನವೇ ಮತ್ತೆ ಮುಗ್ಗರಿಸಿತು. ಮತ್ತೆ ಕರೆಸಿದಾಗಲೂ ಅದೇ ಕಥೆ. "ಸಾರ್, ಮಿಷಿನ್ ಚೆನ್ನಾಗೇ ಇದೆ. ಮನೆಯವರಿಗೆ ಸ್ವಲ್ಪ ನಿಧಾನವಾಗಿ ಒತ್ತೋಕೆ ಹೇಳಿ," ಎಂದ. ಅವಳು ಪಕ್ಕದಲ್ಲೇ ನಿಂತಿದ್ದಳು.

"ಹೇಳ್ತೀನಿ ಬಿಡಪ್ಪಾ," ಎಂದ ಗಂಡ.

ಇನ್ನು ಇವರನ್ನು ನಂಬಿದರೆ ಕೆಟ್ಟೆ ಎಂದುಕೊಂಡು ಅವಳು ತಾನೇ ಕೈಹಾಕಿದಳು. ಪ್ರಿಂಟರ್ ಕಿತ್ತಳು, ಇಂಟರ್‌ನೆಟ್ ತಂತಿ ಬಿಡಿಸಿದಳು, ಪ್ಲಗ್ಗನ್ನು ಬೇರೆ ಗೋಡೆಗೆ ಹಾಕಿದಳು. ಯಾವುದೂ ನಾಟಲಿಲ್ಲ. ಆದರೆ ಒಂದು ಸಂಗತಿ ಕಣ್ಣಿಗೆ ಬಿತ್ತು: ಗಂಡ ಅಂಗಡಿಯಲ್ಲಿದ್ದಾಗ ಎಷ್ಟು ಹೊತ್ತು ಟೈಪ್ ಮಾಡಿದರೂ ಏನೂ ಆಗುವುದಿಲ್ಲ. ಅವನು ಬಂದ ಮೇಲೆಯೇ ಈ ರಗಳೆ. ಸಿಟ್ಟಿನಲ್ಲಿ ತಾನೇ ಜೋರಾಗಿ ಕುಟ್ಟುತ್ತೇನೇನೋ ಎಂದು ಅವಳಿಗೂ ಒಮ್ಮೆ ಅನುಮಾನ ಬಂತು.

ಅಂಗಡಿಗೆ ರಜೆಯಿದ್ದ ದಿನ ಒಂದು ಉದ್ದನೆಯ ಬರಹವನ್ನು ಓದಲು ಬಿಟ್ಟು, ಕೈಕಟ್ಟಿ ಕೂತು ನೋಡಿದಳು. ಗಂಡ ಸ್ನಾನ ಮುಗಿಸಿ ಬಂದ. ಟೀವಿ ಹಾಕಿದ. ಸೋಫಾದ ಕಡೆ ನಡೆಯುತ್ತಾ, ಕಂಪ್ಯೂಟರ್ ಪೆಟ್ಟಿಗೆ ಇಟ್ಟಿದ್ದ ಮೇಜಿನ ಕೆಳಗಿನ ಗೂಡಿನ ಬಾಗಿಲನ್ನು ಹಿಮ್ಮಡಿಯಿಂದ ತಳ್ಳಿ ಮುಚ್ಚಿದ. ದಿನವೂ ಹಾಗೆಯೇ ಮಾಡುತ್ತಿದ್ದ. ದಿನವೂ ನೋಡಿದ್ದರೂ ಅವಳ ಗಮನಕ್ಕೆ ಬಂದಿರಲಿಲ್ಲ.

ಸ್ವಲ್ಪ ಹೊತ್ತಿನಲ್ಲಿ ಓದು ಗಕ್ಕನೆ ನಿಂತಿತು.

ಅವಳು ಬಗ್ಗಿ ಬಾಗಿಲು ತೆರೆದಳು. ಒಲೆಯ ಮುಂದೆ ಕೂತಂತೆ ಮುಖಕ್ಕೆ ಬಿಸಿ ಹೊಡೆಯಿತು. ಪೆಟ್ಟಿಗೆಯ ಬೆನ್ನು ಹಲಗೆಗೆ ಒತ್ತಿಕೊಂಡಿತ್ತು. ಗಾಳಿಯಾಡುವ ಕಿಂಡಿಯಲ್ಲಿ ಧೂಳು ಕಂಬಳಿಯ ಹಾಗೆ ಕೂತಿತ್ತು. ಅವಳು ಗಂಡನನ್ನು ಎಳೆದು ತಂದು ಅವನ ಅಂಗೈಯನ್ನು ಅದರ ಮೇಲೆ ಒತ್ತಿ ಹಿಡಿದಳು. ಅವನು ಕೈ ಕಿತ್ತುಕೊಂಡ.

"ಬಾಗಿಲು ಹಾಕಿದ್ದಕ್ಕಾ? ಫ್ಯಾನ್ ಗೊರಗೊರ ಅಂದ್ರೆ ಟೀವಿ ಕೇಳಲ್ಲ ಅಂತ... ನಂಗೆ ಗೊತ್ತಿರಲಿಲ್ಲ ಕಣೆ."

ಗೊತ್ತಿರಲಿಲ್ಲ ಎಂಬ ಮಾತಿಗೆ ಅವಳ ಸಿಟ್ಟು ನೆತ್ತಿಗೇರಿತು. ಬೇಕೆಂದೇ ಮಾಡಿದ್ದರೆ ಒಮ್ಮೆ ಕಾದಾಡಿ ಮುಗಿಸಬಹುದಿತ್ತು. ಸ್ಕ್ರೂಡ್ರೈವರ್ ತಂದು ಗೂಡಿನ ಬಾಗಿಲನ್ನೇ ಬಿಚ್ಚಿ ಹೊರಗೆ ಒರಗಿಸಿದಳು. ಕನ್ನಡಕ ಒರೆಸಲು ಅವನು ಇಟ್ಟುಕೊಂಡಿದ್ದ ಮೆತ್ತನೆಯ ಬ್ರಷ್ಷಿನಿಂದಲೇ ಧೂಳು ತೆಗೆದಳು. ಸವೆದಿದ್ದ ಫ್ಯಾನಿನ ಬದಲು ಮರುದಿನ ಹೊಸದು ಹಾಕಿಸಿದಳು.

ಆಮೇಲೆ ಗಂಡನನ್ನು ಎದುರು ಕೂರಿಸಿ, "ಸಾಹೇಬ್ರಿಗೆ ಫೋನ್ ಮಾಡಿ," ಎಂದು ಟೈಪ್ ಮಾಡಿದಳು.

ಆ ಕಡೆ ಫೋನ್ ಎತ್ತಿದರು. "ಸಾರ್, ನಮ್ಮ ಮನೆಯವಳು ಏನು ಹೇಳ್ತಾಳೆ ಅಂದ್ರೆ—" ಎಂದು ಗಂಡ ಶುರುಮಾಡುತ್ತಿದ್ದಂತೆ ಅವಳು ಫೋನು ಕಿತ್ತುಕೊಂಡು, ಸ್ಪೀಕರಿಗೆ ಹಾಕಿ ಕಂಪ್ಯೂಟರಿನ ಮುಂದಿಟ್ಟು ಟೈಪ್ ಮಾಡಿದಳು.

"ನಾನು ಮೈಕಮ್ಮ. ಕೆಲಸ ಬೇಡ ಅಂತ ನಾನು ಯಾರಿಗೂ ಹೇಳಿಲ್ಲ."

"ಯಾರು ಮಾತಾಡ್ತಿರೋದು?" ಎಂದರು ಸಾಹೇಬರು.

"ನಾನೇ. ಗಂಟಲು ಬೇರೆ, ಆಸಾಮಿ ಅದೇ."

ಸಾಹೇಬರು ನಕ್ಕರು. "ಆದ್ರೆ ಮೈಕಿಗೆ ಬೇರೆ ಹುಡುಗೀನ ತಗೊಂಡಾಯ್ತಲ್ಲಮ್ಮ."

"ಮೈಕು ಅವಳಿಗೇ ಇರಲಿ. ಬಸ್ಸು ಹೊತ್ತಿಗೆ ಸರಿಯಾಗಿ ಹೊರಡಿಸೋ ಕೆಲಸ ಕೊಡಿ."

ಹಾಗೆ ಅವಳು ಗಾಜಿನ ಹಿಂದಿನ ಕೋಣೆಯಲ್ಲಿ ಕೂತು, ಬಸ್ಸುಗಳ ಹೊತ್ತನ್ನು ದೊಡ್ಡ ಬೋರ್ಡಿಗೆ ಟೈಪ್ ಮಾಡಿ ಹಾಕುವ ಕೆಲಸಕ್ಕೆ ಸೇರಿದಳು. ಮೈಕಿನ ಹುಡುಗಿ ಊರುಗಳ ಹೆಸರನ್ನು ಅರ್ಧ ನುಂಗಿದರೆ ಪೆನ್ನಿನಿಂದ ಗಾಜು ಕುಟ್ಟುತ್ತಾಳೆ. ಆ ಹುಡುಗಿಗೆ ಅವಳನ್ನು ಕಂಡರೆ ನಡುಕ.

ಮನೆಯಲ್ಲಿ ಮಾತ್ರ ಅವಳು ಕಂಪ್ಯೂಟರಿನ ಹತ್ತಿರವೂ ಸುಳಿಯಲಿಲ್ಲ. ಯಂತ್ರ ಸರಿಯಿತ್ತು, ಅವಳೇ ಮಾತು ಬಿಟ್ಟಿದ್ದಳು. ಗಂಡ ಬಡಿಸಿದ್ದನ್ನು ಉಣ್ಣುವಳು, ಎದ್ದು ಹೋಗುವಳು. ಕೊನೆಗೆ ಅವನಿಗೇ ತಡೆಯಲಾಗಲಿಲ್ಲ. "ಏನಾದ್ರೂ ಬಯ್ಯಿ ಮಾರಾಯ್ತಿ. ಹೀಗೆ ಸುಮ್ಮನಿರಬೇಡ," ಎಂದ.

ಅವಳು ಹೋಗಿ ಕೂತಳು. ಆಸ್ಪತ್ರೆಯಿಂದ ಹಿಡಿದು ನೀಲಿ ಬಣ್ಣದವರೆಗೆ, ಕೆಲಸ ಬಿಡಿಸಿದ್ದರಿಂದ ಹಿಡಿದು ಆ ನಗುವಿನವರೆಗೆ, ಒಂದನ್ನೂ ಬಿಡದೆ ಬಯ್ದಳು. ಗಂಡ ಸ್ಟೂಲಿನ ಮೇಲೆ ತಲೆತಗ್ಗಿಸಿ ಕೂತು ಪೂರ್ತಿ ಕೇಳಿದ. ನಡುವೆ ಒಂದು ಸಲ ಬಾಯಿ ತೆರೆದ, ಮತ್ತೆ ಮುಚ್ಚಿಕೊಂಡ.

"ಮುಗೀತಾ?" ಎಂದು ಕೇಳಿದ.

"ಸದ್ಯಕ್ಕೆ," ಎಂದಿತು ಕಂಪ್ಯೂಟರ್.