ಬಿಸಿಲು ಮುಟ್ಟಿದ ಉಡ

ಒಗೆದು ಹಿಂಡಿದ ಟವೆಲಿನ ಹಾಗೆ ಉಡವನ್ನು ಹೆಗಲ ಮೇಲೆ ಹಾಕಿಕೊಂಡು ಕಂಪೌಂಡರ್ ಕಾಕಾ ಅಂದೂ ತಮ್ಮ ಬಾಗಿಲಿಗೆ ಬಂದರು. ಅದರ ತಲೆ ಅವರ ಎದೆಯ ಮೇಲೆ, ಬಾಲ ಬೆನ್ನ ಮೇಲೆ. ಕಣ್ಣು ತೆರೆದಿತ್ತು, ಆಗಾಗ ಕೆಳರೆಪ್ಪೆ ಮಾತ್ರ ನಿಧಾನವಾಗಿ ಮೇಲಕ್ಕೇರಿ ಇಳಿಯುತ್ತಿತ್ತು. ಮಾಘದ ಚಳಿ. ನಾನು ಎದುರು ಮನೆಯ ಅಂಗಳದಲ್ಲಿ, ಅಂದರೆ ನಮ್ಮ ಅಂಗಳದಲ್ಲಿ, ರಂಗೋಲಿಯ ಕೊನೆಯ ಎಳೆ ಎಳೆಯುತ್ತಿದ್ದೆ. ಪಕ್ಕದಲ್ಲಿ ಗಿರಣಿ ಅಕ್ಕ ಹಿಟ್ಟಿನ ಗಿರಣಿಯ ಶಟರ್ ಎತ್ತಿದ ಸದ್ದಾಯಿತು. ನಮ್ಮ ಯಜಮಾನರು ಯಾದಗಿರಿಯ ಬಸ್ಸು ಹಿಡಿಯಲು ಆಗಲೇ ಹೋಗಿದ್ದರು. ಒಳಗೆ ಅತ್ತೆ ಸ್ನಾನ ಮುಗಿಸಿ, ಅಂಗೈಯಲ್ಲಿ ಲಿಂಗ ಹಿಡಿದು ಪೂಜೆಗೆ ಕುಳಿತಿದ್ದರು. ಶಹಾಪುರದ ಗುಡ್ಡದ ಬುಡದಲ್ಲಿರುವ ನಮ್ಮ ಓಣಿಯಲ್ಲಿ ಎಲ್ಲ ಮುಂಜಾನೆಗಳೂ ಹೀಗೇ ಶುರುವಾಗುತ್ತಿದ್ದವು.

ಕಾಕಾ ದನದ ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದು ನಿವೃತ್ತರಾದವರು. ಮದುವೆ ಆಗಿರಲಿಲ್ಲ. ಮೈಯಿಂದ ಸದಾ ಫಿನಾಯಿಲಿನ ವಾಸನೆ ಬರುತ್ತಿತ್ತು. ಎದುರಿಗೆ ಯಾರು ಬಂದರೂ ಅವರ ಮೊದಲ ಮಾತು, "ನಾಲಿಗಿ ತೋರಿಸು." ಕುರಿಯಾದರೂ ಅಷ್ಟೇ, ಶಾಲೆಗೆ ಹೊರಟ ಮಗುವಾದರೂ ಅಷ್ಟೇ. ತಹಸೀಲ್ದಾರರಿಗೂ ಒಮ್ಮೆ ಹಾಗೆ ಅಂದಿದ್ದರಂತೆ. "ಬ್ಯಾನಿ ಮೊದಲು ನಾಲಿಗಿಗಿ ಬರ್ತದ, ಮಾತು ಆಮ್ಯಾಲ ಬರ್ತದ," ಅನ್ನುವರು.

ಉಡ ಅವರಲ್ಲಿಗೆ ಬಂದದ್ದು ಎರಡು ವರ್ಷದ ಹಿಂದೆ. ಬೇಟೆಯವರು ಅದರ ಕಾಲಿನ ನರ ಕಿತ್ತು, ಆ ನರದಿಂದಲೇ ನಾಲ್ಕೂ ಕಾಲುಗಳನ್ನು ಬೆನ್ನ ಮೇಲೆ ಕಟ್ಟಿ ಎಸೆದಿದ್ದರು. ಕುರಿ ಕಾಯುವವನೊಬ್ಬ ಅದನ್ನು ಗೋಣಿಚೀಲದಲ್ಲಿ ತಂದುಕೊಟ್ಟ. ಫಾರೆಸ್ಟ್ ಗಾರ್ಡ್ ಬಂದು ನೋಡಿ, "ಉಡ ಸಾಕಾಕ ಕಾನೂನಿಲ್ರಿ ಕಾಕಾ. ಕಾಲು ನೆಟ್ಟಗಾದ ಕೂಡ್ಲೇ ಗುಡ್ಡಕ್ಕ ಬಿಟ್ಟುಬಿಡ್ರಿ," ಎಂದು ಹೇಳಿ ಹೋಗಿದ್ದ. ಕಾಲು ಎಂದೋ ನೆಟ್ಟಗಾಗಿತ್ತು. ಕೇಳಿದರೆ ಕಾಕಾ "ಇನ್ನೊಂದು ವಾರ" ಅನ್ನುತ್ತಿದ್ದರು.

ಓಣಿಯವರಿಗೆ ಇದ್ದ ಅಂಜಿಕೆಯೇ ಬೇರೆ. ಉಡ ತಾನಾಗಿ ಹೊಕ್ಕ ಮನೆ ಹಾಳು ಎಂಬುದು ನಮ್ಮ ಕಡೆಯ ಹಿರಿಯರ ಮಾತು. ಅಂಥ ಮನೆಗೆ ಬೀಗ ಹಾಕಿ ಆರು ತಿಂಗಳು ಬೇರೆ ಕಡೆ ಇರಬೇಕು, ಶಾಂತಿ ಮಾಡಿಸಿಯೇ ಮರಳಬೇಕು. ಅಷ್ಟಾದರೂ ಆ ಮನೆಯ ಒಂದು ಜೀವ ಹೋಗುತ್ತದೆ ಅನ್ನುವವರೂ ಇದ್ದರು. ಕಾಕಾ ನಗುತ್ತಿದ್ದರು. "ತಾನಾಗಿ ಹೊಕ್ಕರಲ್ಲೇನು ದೋಷ? ಇದನ್ನ ನಾ ಎತ್ಕೊಂಡು ಬಂದೀನಿ. ಕರ್ಕೊಂಡು ಬಂದ ಪಾವಣ್ಯಾಗ, ಅತಿಥಿಗಿ, ದೋಷ ಇಲ್ಲ." ಆದರೆ ನಾನು ಗಮನಿಸಿದ್ದೆ, ಎರಡು ವರ್ಷದಲ್ಲಿ ಒಂದು ದಿನವೂ ಅವರು ಅದನ್ನು ಹೊಸ್ತಿಲ ಮೇಲೆ ನಡೆಯಲು ಬಿಟ್ಟಿರಲಿಲ್ಲ. ಹೊರಗೆ ತರುವಾಗಲೂ ಹೆಗಲ ಮೇಲೆ, ಒಳಗೆ ಒಯ್ಯುವಾಗಲೂ ಹೆಗಲ ಮೇಲೆ.

ಮನೆಯೊಳಗೆ ಅದು ಕರೆದರೆ ಬರುತ್ತಿತ್ತು, ಅವರ ಕೈಯಿಂದಲೇ ತತ್ತಿ ತಿನ್ನುತ್ತಿತ್ತು. ಹೊರಗೆ ಬಂದ ಕೂಡಲೇ ಬೇರೆ. ಬಾಗಿಲ ಮುಂದಿನ ಕಲ್ಲಿನ ಮೇಲೆ ಇಳಿಸಿದರೆ ಹೊಟ್ಟೆಯನ್ನು ಕಲ್ಲಿಗೆ ಅಂಟಿಸಿ ಹೆಣದ ಹಾಗೆ ಬಿದ್ದಿರುತ್ತಿತ್ತು. ಉಸಿರಾಡುವುದೂ ಕಾಣುತ್ತಿರಲಿಲ್ಲ. ಬಹಳ ಹೊತ್ತಿನ ಮೇಲೆ ಕಪ್ಪು ನೀಲಿ ನಾಲಿಗೆ ಹೊರಬರುತ್ತಿತ್ತು, ಎರಡು ಸೀಳು, ಗಾಳಿಯನ್ನು ಮುಟ್ಟಿ ಒಳಗೆ. ಆಮೇಲೆ ತಲೆ ಓರೆ ಮಾಡಿ ಒಂದೇ ಕಣ್ಣಿನಿಂದ ಆಕಾಶ ನೋಡುತ್ತಿತ್ತು. ನೆತ್ತಿಯ ನಡುವೆ ಸಾಸಿವೆ ಕಾಳಿನಷ್ಟು ಬಿಳಿ ಚುಕ್ಕೆ. "ಅದೂ ಕಣ್ಣವಾ," ಎಂದು ಕಾಕಾ ತೋರಿಸಿದ್ದರು. "ಅದರಿಂದ ಕಾಣಂಗಿಲ್ಲ, ಬಿಸಲು ನೆಳ್ಳು ತಿಳೀತದ." ಅವರು ಅದರ ತಲೆಯ ಮೇಲೆ ಅಂಗೈ ಆಡಿಸಿದರು. ಮುಟ್ಟಿರಲಿಲ್ಲ, ಆದರೂ ಅದರ ಮೈಯೆಲ್ಲ ಒಮ್ಮೆ ಕುಗ್ಗಿತು.

ಗಿರಣಿಯ ತಗಡಿನ ಮೇಲೆ ಬಿಸಿಲು ಬಿದ್ದರೆ ಸಾಕು, ಕಾಕಾ ಅದನ್ನೆತ್ತಿಕೊಂಡು ಒಳಗೆ ಹೋಗಿಬಿಡುತ್ತಿದ್ದರು. "ಮೈ ತಣ್ಣಗಿರೋತನಾ ನಮ್ಮದು. ಬಿಸಲು ಮುಟ್ಟಿದ ಉಡ ಯಾರದೂ ಅಲ್ಲ."

ಅಂದು ತಡವಾದದ್ದು ನನ್ನಿಂದ. ನನಗೆ ಐದು ತಿಂಗಳು ತುಂಬಿತ್ತು. ಮೊದಲಿನ ಎರಡು ನಿಂತಿರಲಿಲ್ಲ. ಅತ್ತೆ ನನ್ನನ್ನು ಗಾಜಿನ ಲೋಟದ ಹಾಗೆ ಕಾಯುತ್ತಿದ್ದರು. ಮೂರನೆಯದೂ ಹೋದರೆ ಈ ಮನೆಯಲ್ಲಿ ನನ್ನ ಮುಖ ಯಾರು ನೋಡುತ್ತಾರೆ ಎಂಬ ಚಿಂತೆ ನನ್ನನ್ನು ಕಾಯುತ್ತಿತ್ತು. ಹಿಂದಿನ ದಿನ ಡಾಕ್ಟರಮ್ಮ ಬರೆದುಕೊಟ್ಟ ಚೀಟಿಯ ಕೈಬರಹ ತಿಳಿಯದೆ, ಓಣಿ ದಾಟಿ ಹೋಗಿ ಅದನ್ನು ಕಾಕಾ ಅವರ ಕೈಗೆ ಕೊಟ್ಟೆ. ಅವರು ಚಷ್ಮಾ ಏರಿಸಿಕೊಂಡು ಓದಿದರು.

"ಏನಿಲ್ಲವಾ, ಕಬ್ಬಿಣದ ಗುಳಿಗಿ. ಎಮ್ಮಿಗೂ ಇದನ್ನೇ ಕೊಡ್ತಿದ್ದೆ. ಅದಕ ಹತ್ತು, ನಿನಗ ಒಂದು."

ನಾನು ನಕ್ಕೆ. ನಗುತ್ತಲೇ ಕಲ್ಲಿನ ಕಡೆ ನೋಡಿದೆ. ಬಿಸಿಲು ಉಡದ ಬೆನ್ನ ಮೇಲಿತ್ತು.

ಅದು ಪಕ್ಕೆ ಅಗಲಿಸಿ ಬಿಸಿಲಿಗೆ ತಟ್ಟೆಯಂತೆ ಹರಡಿಕೊಂಡಿತ್ತು. ಬೂದು ಮೈಯಲ್ಲಿ ನಾನು ಎಂದೂ ಕಾಣದ ಹಳದಿ ಚುಕ್ಕೆಗಳು. ಗಂಟಲು ಉಬ್ಬಿ ಇಳಿಯುತ್ತಿತ್ತು. ಆ ಕಣ್ಣಿನೊಳಗೆ ಈಗ ಯಾರೋ ಬಂದು ಕುಳಿತಿದ್ದರು. ಅದು ನಾಲ್ಕೂ ಕಾಲ ಮೇಲೆ ಎತ್ತರಕ್ಕೆ ಎದ್ದು, ತಲೆ ತಿರುಗಿಸಿ ಕಾಕಾ ಅವರನ್ನು ನೋಡಿತು.

"ಅಲುಗಬ್ಯಾಡವಾ," ಕಾಕಾ ಪಿಸುಗುಟ್ಟಿದರು. "ಈಗ ಅದಕ ನನ್ನ ಗುರ್ತಿಲ್ಲ."

ಅವರು ಕೈ ಚಾಚಿದರು. ಬುಸ್ಸೆಂದು ಬಾಲ ಬೀಸಿತು, ಛಡಿಯ ಸದ್ದು. ಮರುಕ್ಷಣ ಅದು ಓಣಿ ದಾಟಿ, ತೆರೆದಿದ್ದ ನಮ್ಮ ಬಾಗಿಲ ಕತ್ತಲೆಯೊಳಗೆ ಹೋಗಿತ್ತು. ನೆಲದ ಪರಸಿ ಕಲ್ಲಿನ ಮೇಲೆ ಉಗುರುಗಳ ಟಕಟಕ. ಆಮೇಲೆ ಅದೂ ಇಲ್ಲ.

ನಾನು ಒಳಗೆ ಓಡುವಷ್ಟರಲ್ಲಿ ಅತ್ತೆ ಕಣ್ಣು ತೆರೆದಿದ್ದರು. ಜೋಳದ ಡಬ್ಬಿಯ ಹಿಂದೆ ಬಾಲದ ತುದಿ ಜಾರಿ ಮರೆಯಾಗುವುದನ್ನು ಕಂಡು ಕಿರುಚಿದರು. ಗಿರಣಿ ಅಕ್ಕ ಬಂದಳು, ಓಣಿಯ ನಾಲ್ಕು ಜನ ಬಂದರು. ಒಬ್ಬರ ಕೈಯಲ್ಲಿ ಬಡಿಗೆಯಿತ್ತು.

ಅತ್ತೆ ನನ್ನ ಕೈ ಹಿಡಿದು, "ಖರೇ ಹೇಳು. ತಾನಾಗೇ ಹೊಕ್ಕತೇನು?" ಎಂದು ಕೇಳಿದರು. ಹಣೆಯ ವಿಭೂತಿಯ ಮೇಲೆ ಬೆವರಿತ್ತು. ಅವರ ಕಣ್ಣು ನನ್ನ ಹೊಟ್ಟೆಯ ಮೇಲಿತ್ತು.

ಹತ್ತು ವರ್ಷ ಕಾನ್ವೆಂಟಿನಲ್ಲಿ ಓದಿದವಳು ನಾನು. ಸುಳ್ಳು ಹೇಳಿದರೆ ರಾತ್ರಿ ನಿದ್ದೆ ಬಾರದು. ಆದರೂ ಹೇಳಿದೆ. "ಇಲ್ರಿ ಅತ್ತಿ. ಬಿಸಲಾಗ್ತದಂತ ನಾನೇ ಎತ್ಕೊಂಡು ಬಂದೆ. ಕೈ ಜಾರಿ ಬಿತ್ತು."

"ಬಸುರಿ ಹೆಂಗಸು ಉಡ ಎತ್ಕೊಂಡು ತಿರಗತಾಳಂತ!" ಎಂದಳು ಗಿರಣಿ ಅಕ್ಕ. "ಕಾನ್ವೆಂಟಿನಾಗ ಇದೇ ಕಲಿಸ್ಯಾರೇನ್ರಿ?"

ಆಗ ನನಗೆ ಅಂಗಳ ಕಂಡಿತು. ನನ್ನ ರಂಗೋಲಿಯ ನಡುವೆ ಬಾಲ ಎಳೆದ ನೇರ ಗೆರೆ, ಅದರ ಎರಡೂ ಬದಿಗೆ ಉಗುರಿನ ಗುರುತು, ಸೀದಾ ನಮ್ಮ ಹೊಸ್ತಿಲವರೆಗೆ. ಯಾರಾದರೂ ಒಬ್ಬರು ತಿರುಗಿ ನೋಡಿದರೆ ಮುಗಿಯಿತು.

ಕಾಕಾ ಅದನ್ನು ನನಗಿಂತ ಮೊದಲೇ ನೋಡಿದ್ದರು. ಮಕ್ಕಳು ರಂಗೋಲಿ ತುಳಿದರೆ ಗದರಿಸುತ್ತಿದ್ದ ಮನುಷ್ಯ, ಚಪ್ಪಲಿ ಕಾಲಲ್ಲೇ, ಕಾಲೆಳೆಯುತ್ತಾ ಅದರ ಮೇಲೆಯೇ ನಡೆದು ಬಂದರು. ಗೆರೆ ಅಳಿಸಿಹೋಯಿತು.

"ಹೌದ್ರಿ ಅಕ್ಕಾರ, ಒಳಗ ಒಯ್ಯಿ ಅಂತ ನಾನೇ ಹೇಳಿದ್ದೆ," ಎಂದರು ಅತ್ತೆಗೆ. "ಬೈಯೋದಿದ್ರ ನನಗ ಬೈರಿ. ಒಂದು ಕೊಡ ತಣ್ಣೀರು ಕೊಡ್ರಿ. ಬಡಿಗಿ ಹೊರಗಿಡ್ರಿ."

ಅವರು ಅದನ್ನು ಎಳೆಯಲಿಲ್ಲ. ಉಡ ಹಿಡಿದ ಹಿಡಿತವನ್ನು ಬಿಡಿಸಲಾಗದು. ಒದ್ದೆ ಬಟ್ಟೆಯಿಂದ ಅದರ ತಲೆ ಮುಚ್ಚಿ, ಬೆನ್ನ ಮೇಲೆ ಚಂಬು ಚಂಬಾಗಿ ನೀರು ಸುರಿಯುತ್ತಾ ಕುಳಿತರು. ಡಬ್ಬಿಯ ಹಿಂದಿನಿಂದ ಉಸಿರಿನ ಸದ್ದು ಬರುತ್ತಿತ್ತು, ಅಷ್ಟು ಸಣ್ಣ ಪ್ರಾಣಿಯದು ಅನ್ನಿಸದ ಉಸಿರು. ಅದು ನಿಧಾನವಾಗುತ್ತಾ ಹೋಯಿತು, ಆಮೇಲೆ ಕೇಳದಾಯಿತು. ಒಂದೊಂದೇ ಉಗುರು ಗೋಡೆ ಬಿಟ್ಟಿತು. ಮತ್ತೆ ಅದು ಒದ್ದೆ ಟವೆಲಾಯಿತು.

ಹೆಗಲಿಗೆ ಹಾಕಿಕೊಂಡು ಹೊರಟವರು ನನ್ನ ಮುಂದೆ ನಿಂತರು. "ನಾಲಿಗಿ ತೋರಿಸು," ಎಂದರು ಮೆಲ್ಲಗೆ. ಎಲ್ಲರ ಎದುರು ಸಣ್ಣ ಹುಡುಗಿಯ ಹಾಗೆ ತೋರಿಸಿದೆ.

"ಒಣಗ್ಯದ. ನೀರು ಕುಡಿ."

ಮಧ್ಯಾಹ್ನ ಕಾಕಾ ಖಾಲಿ ಚೀಲ ಹಿಡಿದು ಗುಡ್ಡದಿಂದ ಬಂದರು. ಕರೆದರೂ ಒಳಗೆ ಬರಲಿಲ್ಲ, ಅಂಗಳದಲ್ಲೇ ನಿಂತು ಹೇಳಿದರು. "ಬಂಡಿಗಲ್ಲಿನ ಮ್ಯಾಲ ಬಿಟ್ಟೆವಾ. ಬಿಸಲು ಏರೋತನಾ ಕುಂತೆ. ಎದ್ದ ಮ್ಯಾಲ ನನ್ನ ಚಪ್ಪಲಿಗಿ ಎರಡು ಸಲ ನಾಲಿಗಿ ಮುಟ್ಟಿಸ್ತು. ಕಲ್ಲಿಗಿ ಮುಟ್ಟಿಸಿದಂಗೇ. ಆಮ್ಯಾಲ ಸಂದಿನ್ಯಾಗ ಹೋತು." ಬಹಳ ಹೊತ್ತು ಗುಡ್ಡದ ಕಡೆ ನೋಡಿದರು. ಅವರ ‘ಇನ್ನೊಂದು ವಾರ’ ಕೊನೆಗೂ ಮುಗಿದಿತ್ತು.

ಕಾಕಾ ಆ ವರ್ಷವೇ ತೀರಿಕೊಂಡರು. ಇಲ್ಲಿ ಅಲ್ಲ, ಶಿರವಾಳದ ತಂಗಿಯ ಮನೆಯಲ್ಲಿ. ನನ್ನ ಮಗಳಿಗೆ ಆಗ ತಿಂಗಳೂ ತುಂಬಿರಲಿಲ್ಲ. ಕೊನೆಯ ದಿನಗಳಲ್ಲಿ ಮೈ ಸದಾ ತಣ್ಣಗಿರುತ್ತಿತ್ತಂತೆ, ಕಣ್ಣು ತೆರೆದು ಅಲುಗದೆ ಮಲಗಿರುತ್ತಿದ್ದರಂತೆ. ಬಿಸಿಲು ಹಾಸಿಗೆಗೆ ಬಂದ ಮೇಲೆ ತಾವಾಗಿ ಏಳುತ್ತಿದ್ದವರು, ಒಂದು ದಿನ ಬಿಸಿಲು ಬಂದರೂ ಏಳಲಿಲ್ಲ ಎಂದು ತಂಗಿ ಹೇಳಿ ಅತ್ತರು. ನನ್ನ ಮಗಳು ಈಗ ಓಣಿ ತುಂಬ ಓಡುತ್ತಾಳೆ. ಅವಳನ್ನು ನೋಡಿದಾಗಲೆಲ್ಲ ನನಗೆ ನೆನಪಾಗುವುದು ಕಾಕಾ. ಅವರು ಊರು ಬಿಟ್ಟದ್ದು ಯಾಕೆಂದು ನನಗೆ ಉಡವನ್ನು ಗುಡ್ಡಕ್ಕೆ ಬಿಟ್ಟ ದಿನದ ಸಂಜೆಯೇ ತಿಳಿದಿತ್ತು.

ಆ ಸಂಜೆ ಗಿರಣಿ ಅಕ್ಕ ನಮ್ಮ ಜೋಳದ ಹಿಟ್ಟು ತಂದು ಕಟ್ಟೆಯ ಮೇಲಿಟ್ಟಳು. ಸೆರಗಿನಿಂದ ಕೈಯ ಹಿಟ್ಟು ಒರೆಸಿಕೊಳ್ಳುತ್ತಾ ಅಂದಳು:

"ಬಿಸಿ ಅದರಿ, ಈಗೇ ಮುಚ್ಚಬ್ಯಾಡ್ರಿ. ಅಂದಂಗ ಕಂಪೌಂಡರ್ ಕಾಕಾ ಮನಿಗಿ ಬೀಗ ಹಾಕ್ಕೊಂಡು ಆರು ತಿಂಗಳಿಗಂತ ಶಿರವಾಳಕ್ಕ ಹೋದ್ರು ನೋಡ್ರಿ. ಮುಂಜಾನಿ ಮೊದಲು ಅದು ಕೈ ತಪ್ಪಿಸಿಕೊಂಡು ತಾನಾಗೇ ಹೊಕ್ಕಿದ್ದು ಅವರದೇ ಮನೀನಂತ. ತಾವೇ ಓಣಿ ತುಂಬ ಹೇಳ್ಕೋತ ಹೋದ್ರು. ನಿಮ್ಮತ್ತಿ ಸುಮ್ಸುಮ್ನ ಅಂಜಿದ್ರು."